ಸತ್ತ ಸಿಪಾಯಿಯೂ ಮುಂಗಡಪತ್ರದ ಜಗಳವೂ

ಯುದ್ಧದಲ್ಲಾಗಲಿ ಅಪಘಾತದಲ್ಲಾಗಲಿ ನಮ್ಮ ಸಿಪಾಯಿಗಳು ಸತ್ತ ಸುದ್ದಿ ಬಂದರೆ, ಅದರ ಬೆನ್ನಿಗೇ ಇನ್ನೊಂದು ಸುದ್ದಿ ಬರುತ್ತದೆ: ರಕ್ಷಣೆಯ ಹಣಕ್ಕೆ ಕತ್ತರಿ ಹಾಕಿದವರು ಯಾರು ಎಂಬ ಜಗಳ. ದಕ್ಷಿಣ ಕಮಾಂಡಿನ ಕಚೇರಿ, ಖಡಕವಾಸಲಾದ ಅಕಾಡೆಮಿ, ಖಡಕಿಯ ಮದ್ದುಗುಂಡಿನ ಕಾರ್ಖಾನೆ ಇವೆಲ್ಲ ಇರುವ ಪುಣೆಯಲ್ಲಿ ವಾಸಿಸುವ ನಮಗೆ ಇದು ದೂರದ ಮಾತಲ್ಲ. ವಾಚನಾಲಯದ ಮೇಜಿನ ಸುತ್ತಲೂ ಈ ವಾದ ನಡೆಯುವುದುಂಟು. ಆದ್ದರಿಂದ ಇಂಥ ಜಗಳಗಳಲ್ಲೆಲ್ಲ ದೊಡ್ಡದಾದ 1962ರದನ್ನು ಕೊಂಚ ಬಿಡಿಸಿ ನೋಡೋಣ.

ಆ ವರ್ಷದ ಅಕ್ಟೋಬರ್ 20ರಂದು ಚೀನೀಯರು ನಾಮ್ಕಾ ಚು ಹೊಳೆಯ ದಂಡೆಯಲ್ಲಿ ನಮ್ಮವರ ಮೇಲೆ ಬಿದ್ದಾಗ, ಅನೇಕ ಜವಾನರ ಮೈಮೇಲೆ ಇದ್ದುದು ಬೇಸಗೆಯ ಹತ್ತಿಯ ಉಡುಪು. ಒಂದು ತಿಂಗಳಲ್ಲಿ 1383 ಮಂದಿ ಮಡಿದರೆಂಬುದು ಸರ್ಕಾರದ ಲೆಕ್ಕ. ಕಾಣೆಯಾದವರು ಬೇರೆ.

ರಕ್ಷಣಾ ಸಚಿವ ಕೃಷ್ಣ ಮೆನನ್ನರು ಪದವಿ ಬಿಡಬೇಕಾಯಿತು. 1963ರ ಆಗಸ್ಟಿನಲ್ಲಿ ಆಚಾರ್ಯ ಕೃಪಲಾನಿಯವರು ನೆಹರೂ ಸರ್ಕಾರದ ಮೇಲೆ ಅವಿಶ್ವಾಸ ಗೊತ್ತುವಳಿ ತಂದರು. ಲೋಕಸಭೆಯಲ್ಲಿ ಅಂಥದ್ದು ಅದೇ ಮೊದಲು. ಪರವಾಗಿ 62, ವಿರೋಧವಾಗಿ 347 ಮತ ಬಿದ್ದವು. ಕೃಪಲಾನಿಯವರು ನಮ್ಮೂರ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದವರು, ನೇರ ಮಾತಿನವರು. ಆದರೆ 1950ರ ದಶಕದ ಕೊನೆಯ ಭಾಗದಲ್ಲಿ ಇದೇ ಸಭೆಯಲ್ಲಿ ಅವರು ಹೇಳಿದ್ದೇನು? ಅಹಿಂಸೆಯ ನಾಡಿನಲ್ಲಿ ಸೈನ್ಯದ ಖರ್ಚು ಏರಬಾರದು ಎಂದು! ಗಾಂಧೀವಾದಿಯ ಪ್ರಾಮಾಣಿಕ ಮಾತೇ ಅದು, ಅಲ್ಲವೆನ್ನುವುದಿಲ್ಲ. 1962ರ ಆರಂಭದ ಚುನಾವಣೆಯಲ್ಲಿ ಉತ್ತರ ಮುಂಬಯಿಯಲ್ಲಿ ಅವರು ಮೆನನ್ನರಿಂದ ಸೋತಿದ್ದರೆಂಬುದನ್ನೂ ಪಕ್ಕದಲ್ಲಿಟ್ಟುಕೊಂಡು ಓದಬೇಕು. ಆಳುವ ಪಕ್ಷದವರೇನು ಕಡಿಮೆಯೇ? ಸೋಲಿನ ಭಾರವನ್ನೆಲ್ಲ ಮೆನನ್ನರೊಬ್ಬರ ತಲೆಗೆ ಕಟ್ಟಿ ಅನೇಕರು ಕೈ ತೊಳೆದುಕೊಂಡರು.

ಇನ್ನು ಹಣದ ಮಾತು. 1961-62ರಲ್ಲಿ ರಕ್ಷಣೆಗೆ ಖರ್ಚಾದದ್ದು ಸುಮಾರು 312 ಕೋಟಿ ರೂಪಾಯಿ. 1963-64ರಲ್ಲಿ ಸುಮಾರು 816 ಕೋಟಿ. ಜನರ ಮೇಲೆ ಕಡ್ಡಾಯ ಠೇವಣಿ ಬಂತು, ಒಡವೆಯ ಚಿನ್ನ 14 ಕ್ಯಾರಟ್ಟಿಗೆ ಇಳಿಯಿತು. ಹಾಗಾದರೆ ಹಣ ಕಡಿಮೆಯಾದದ್ದೇ ಸೋಲಿಗೆ ಕಾರಣವೇ? ಗಿರಣಿಯಲ್ಲಿ ಲೆಕ್ಕ ಬರೆಯುವ ನಮಗೆ ಇದು ಅಷ್ಟು ಸರಳವೆನಿಸುವುದಿಲ್ಲ. ಮಂಜೂರಾದ ರೂಪಾಯಿ ಬೇರೆ, ಖರ್ಚಾದ ರೂಪಾಯಿ ಬೇರೆ, ಗೋದಾಮಿಗೆ ಬಂದಿಳಿದ ಮಾಲು ಬೇರೆ. ರಕ್ಷಣೆಯ ಹಣದಲ್ಲಿ ದೊಡ್ಡ ಪಾಲು ಸಂಬಳ, ಪಡಿತರಗಳಿಗೇ ಹೋಗುತ್ತದೆ. ಹೊರದೇಶದ ಬಂದೂಕಿಗೆ ರೂಪಾಯಿ ಸಾಲದು, ವಿದೇಶೀ ವಿನಿಮಯ ಬೇಕು. ಅದಕ್ಕೆ ಆಗ ಬಹಳ ಬಡತನ. ಕೋಟಿಗಟ್ಟಲೆ ಮಂಜೂರಾದರೂ ಹಿಮಕ್ಕೆ ತಕ್ಕ ಕೋಟು ಒಂದೇ ವಾರದಲ್ಲಿ ಬೆಟ್ಟ ಹತ್ತುವುದಿಲ್ಲ. ಕೋಟಿಲ್ಲದವರನ್ನು ಅಲ್ಲಿಗೆ ಕಳಿಸಿದ ಅಪ್ಪಣೆಯಂತೂ ಮುಂಗಡಪತ್ರದ ಯಾವ ಕಲಮಿನಲ್ಲೂ ಸಿಗದು.

ಕೊಡಗಿನ ಜನರಲ್ ತಿಮ್ಮಯ್ಯನವರು 1959ರಲ್ಲಿ ರಾಜೀನಾಮೆ ಕೊಟ್ಟು, ನೆಹರೂ ಅವರ ಮಾತಿಗೆ ಹಿಂದೆ ತೆಗೆದುಕೊಂಡದ್ದು ಹಣಕ್ಕಾಗಿ ಅಲ್ಲ; ಸಚಿವರು ಸೇನೆಯನ್ನು ನಡೆಸಿಕೊಳ್ಳುತ್ತಿದ್ದ ರೀತಿಗಾಗಿ. ಅಂದು ಅವರನ್ನು ಹೊಗಳಿದವರೂ ತೆಗಳಿದವರೂ ಮೂರೇ ವರ್ಷದ ಮೇಲೆ ಅಂಕಿಗಳ ಹಿಂದೆ ಹೋದರು.

ಸೋಲಿನ ವಿಚಾರಣೆಯನ್ನು ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಎಂಬ ಇಬ್ಬರು ಸೇನಾಧಿಕಾರಿಗಳು ಮಾಡಿ, 1963ರಲ್ಲಿ ವರದಿ ಒಪ್ಪಿಸಿದರು. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಲಾಯಿತು. 2014ರ ಮಾರ್ಚಿನಲ್ಲಿ, ಚುನಾವಣೆ ಹತ್ತಿರವಿದ್ದಾಗ, ಅದರ ಕೆಲವು ಭಾಗ ಹೊರಬಿತ್ತು. ವಿರೋಧದಲ್ಲಿದ್ದ ಭಾರತೀಯ ಜನತಾ ಪಕ್ಷ ವರದಿಯನ್ನು ಪ್ರಕಟಿಸಿರೆಂದು ಆಗ್ರಹ ಮಾಡಿತು. ಜುಲೈ ಹೊತ್ತಿಗೆ ಅದೇ ಪಕ್ಷದ ಅರುಣ್ ಜೇಟ್ಲಿಯವರು ರಕ್ಷಣಾ ಸಚಿವರು. ಪ್ರಕಟಿಸುವುದು ರಾಷ್ಟ್ರಹಿತವಲ್ಲ ಎಂದು ರಾಜ್ಯಸಭೆಗೆ ತಿಳಿಸಿದರು. ಹಿಂದಿನ ಕಾಂಗ್ರೆಸ್ ಸರ್ಕಾರಗಳ ಉತ್ತರವೂ ಹೆಚ್ಚುಕಡಿಮೆ ಅದೇ.

ನಾಮ್ಕಾ ಚುವಿನಲ್ಲಿ ಸೆರೆಯಾದ ಬ್ರಿಗೇಡಿಯರ್ ಡಾಲ್ವಿಯವರು ಬರೆದ ಪುಸ್ತಕವನ್ನು ರವಿ ಬೆಳಗೆರೆಯವರು ‘ಹಿಮಾಲಯನ್ ಬ್ಲಂಡರ್’ ಎಂದು ಕನ್ನಡಕ್ಕೆ ತಂದಿದ್ದಾರೆ. ಮೇಜಿನ ಸುತ್ತ ವಾದ ಮಾಡುವ ಮಿತ್ರರು ಅದನ್ನು ಓದಿ ಬಂದರೆ, ಮಾತನ್ನು ಕೋಟಿನಿಂದಲೇ ಆರಂಭಿಸಬಹುದು.