ಸೆರಗಿನ ಹಲ್ಲು, ಪರದೆಯ ಗೋಪುರ

ಕಂಪ್ಯೂಟರ್ ಸೈನ್ಸ್ ಆರಿಸಿಕೊಂಡವರಲ್ಲಿ ಸ್ಟಾರ್ ಪ್ಯಾಟರ್ನ್ ಕೈಗೆ ಸಿಗದೆ ದಾಟಿಹೋದವರು ಕಡಿಮೆ. ಮೊದಲ ಸಾಲಿಗೆ ಒಂದು ನಕ್ಷತ್ರ, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ಐದು. ಹೀಗೆ ಪರದೆಯ ಮೇಲೊಂದು ಗೋಪುರ ಏಳಬೇಕು. ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಪುಸ್ತಕದಲ್ಲೂ ನೆಸ್ಟೆಡ್ ಲೂಪ್ ಬಂದಲ್ಲಿ ಇಂಥ ಲೆಕ್ಕಗಳಿವೆ. ಇದರ ಮೇಲಿನ ದೂರು ಎಲ್ಲರಿಗೂ ಗೊತ್ತು: ಗೋಪುರ ಪ್ರಿಂಟ್ ಮಾಡಿದ್ದಕ್ಕೆ ಯಾವ ಕಂಪನಿ ಸಂಬಳ ಕೊಡುತ್ತದೆ? ಯಾವುದೂ ಕೊಡುವುದಿಲ್ಲ, ನಿಜ. ಗೋಪುರ ಬರೀ ನೆಪ. ಎಷ್ಟನೇ ಸಾಲಿಗೆ ಎಷ್ಟು ನಕ್ಷತ್ರ ಎಂಬ ನಂಟನ್ನು ವಿದ್ಯಾರ್ಥಿ ತಾನೇ ಎಣಿಸಿ ಪತ್ತೆಹಚ್ಚುವುದೇ ಅಲ್ಲಿಯ ಪಾಠ.

ಈ ಎಣಿಕೆ ಕುಷ್ಟಗಿ ತಾಲ್ಲೂಕಿನ ಹನುಮಸಾಗರಕ್ಕೆ ಹೊಸದೇನಲ್ಲ. ಇಳಕಲ್ ಸೀರೆ ಹೆಸರಿಗೆ ಇಳಕಲ್ಲಿನದಾದರೂ ಮಗ್ಗಗಳು ಹನುಮಸಾಗರ, ದೋಟಿಹಾಳದ ಕಡೆಗೂ ಹಬ್ಬಿವೆ. ಅದರ ಟೋಪ್ ತೆನಿ ಸೆರಗನ್ನು ಹತ್ತಿರ ಹಿಡಿದು ನೋಡಿ: ಕೆಂಪು ರೇಷ್ಮೆಯೊಳಗೆ ಬಿಳಿ ಹಲ್ಲುಹಲ್ಲಾಗಿ ನುಗ್ಗುತ್ತದೆ. ಹಲ್ಲು ಮೂಡಬೇಕಾದರೆ ಹೊಕ್ಕಿನಿಂದ ಹೊಕ್ಕಿಗೆ ಬಿಳಿಯ ಪಾಲು ಹೆಚ್ಚುತ್ತಲೋ ಕುಗ್ಗುತ್ತಲೋ ಹೋಗಬೇಕು. ಒಂದು ಹೊಕ್ಕಿನೊಳಗೆ ಎಳೆಗಳ ಎಣಿಕೆ, ಒಂದು ಹಲ್ಲಿನೊಳಗೆ ಹೊಕ್ಕುಗಳ ಎಣಿಕೆ, ಸೆರಗಿನ ಉದ್ದಕ್ಕೂ ಹಲ್ಲುಗಳ ಎಣಿಕೆ. ನೇಕಾರರು ಸೂತ್ರ ಬರೆದುಕೊಂಡು ನೇಯುವುದಿಲ್ಲವಲ್ಲ, ಇದನ್ನು ಪ್ರೋಗ್ರಾಮಿಂಗ್ ಎನ್ನುವುದು ಅತಿಯಾಯಿತು ಎನ್ನಬಹುದು. ಒಪ್ಪೋಣ. ಆದರೆ ಕೈ ಬಲ್ಲದ್ದನ್ನು ಸೂತ್ರಕ್ಕೆ ಇಳಿಸುವ ಕೆಲಸವೇ ವಿದ್ಯಾರ್ಥಿಯದು. ಮೇಲಾಗಿ ಚರಿತ್ರೆಯಲ್ಲೂ ದಾರಿ ಮಗ್ಗದಿಂದಲೇ ಹೊರಟಿದೆ. 1804ರ ಸುಮಾರಿಗೆ ಫ್ರಾನ್ಸಿನ ಜಕಾರ್ಡ್ ರಂಧ್ರದ ಕಾರ್ಡುಗಳಿಂದ ಮಗ್ಗವನ್ನು ನಡೆಸಿದ. ಚಾರ್ಲ್ಸ್ ಬ್ಯಾಬೇಜ್ ತನ್ನ ಗಣಕಯಂತ್ರದ ಯೋಜನೆಗೆ ಆ ಕಾರ್ಡುಗಳನ್ನೇ ತಂದ. ಅದೇ ಯಂತ್ರದ ಬಗ್ಗೆ 1843ರಲ್ಲಿ ಟಿಪ್ಪಣಿ ಬರೆದ ಏಡಾ ಲವ್‌ಲೇಸ್, ಒಂದು ಆವರ್ತನೆಯೊಳಗೆ ಇನ್ನೊಂದು ಆವರ್ತನೆ ಇರಬಹುದೆಂದು ವಿವರಿಸಿದಳು. ನೆಸ್ಟೆಡ್ ಲೂಪ್ ಅಂದರೆ ಅದೇ.

ಐದು ಸಾಲಿನ ಗೋಪುರ ತೆಗೆದುಕೊಳ್ಳಿ. ಎಡಗಡೆಯ ಖಾಲಿ ಜಾಗ 4, 3, 2, 1, 0. ನಕ್ಷತ್ರ 1, 3, 5, 7, 9. ಅಂದರೆ ಸಾಲಿನ ಸಂಖ್ಯೆಯನ್ನು ಎರಡರಿಂದ ಗುಣಿಸಿ ಒಂದು ಕಳೆಯಬೇಕು. ಹೊರ ಲೂಪ್ ಸಾಲನ್ನು ಹಿಡಿದರೆ ಒಳ ಲೂಪ್ ನಕ್ಷತ್ರ ಇಡುತ್ತದೆ. ಹೊಸ ಸಾಲಿಗೆ ಇಳಿಯುವ ಆದೇಶ ತಪ್ಪಿ ಒಳ ಲೂಪಿನೊಳಗೆ ಸೇರಿತೋ, ಗೋಪುರ ಹೋಗಿ ನಕ್ಷತ್ರಗಳು ಸಾಲಿಗೊಂದರಂತೆ ಕೆಳಗಿಳಿಯುತ್ತವೆ. ತಪ್ಪು ಎಲ್ಲಿದೆಯೆಂದು ಕಣ್ಣೇ ಹೇಳುತ್ತದೆ. ಬಡ್ಡಿ ಲೆಕ್ಕದ ಪ್ರೋಗ್ರಾಮ್ ತಪ್ಪಿದರೆ ಹೀಗೆ ಕಾಣುವುದಿಲ್ಲ. ಪೈಥಾನ್‌ನಲ್ಲಿ ನಕ್ಷತ್ರವನ್ನೇ ಸಂಖ್ಯೆಯಿಂದ ಗುಣಿಸಿದರಾಯಿತು, ಒಳ ಲೂಪ್ ಏಕೆ ಎಂಬ ಆಕ್ಷೇಪವೂ ಇದೆ. ಬರೆಯುವವರಿಗೆ ಒಳ ಲೂಪ್ ಬೇಡವಾಗಬಹುದು, ಸೂತ್ರ ಬೇಕೇ ಬೇಕು. ಜೊತೆಗೆ ಖರ್ಚಿನ ಅಂದಾಜೂ ಬೇಕು. ಐದು ಸಾಲಿಗೆ 25 ನಕ್ಷತ್ರ, ಹತ್ತಕ್ಕೆ 100, ಸಾವಿರಕ್ಕೆ ಹತ್ತು ಲಕ್ಷ. ಹತ್ತು ಸಾವಿರ ಹೆಸರಿನ ಪಟ್ಟಿಯಲ್ಲಿ ಎರಡು ಸಲ ನುಸುಳಿದ ಹೆಸರು ಹುಡುಕಲು ಪ್ರತಿಯೊಂದನ್ನೂ ಉಳಿದೆಲ್ಲದರ ಜೊತೆ ಒಮ್ಮೊಮ್ಮೆ ಹೋಲಿಸುತ್ತ ಕೂತರೆ ಸುಮಾರು ಐದು ಕೋಟಿ ಹೋಲಿಕೆಗಳಾಗುತ್ತವೆ. ಗೋಪುರದಲ್ಲಿ ಇದನ್ನು ಕಲಿತವರು ಅಂಥ ಪ್ರೋಗ್ರಾಮ್ ಬರೆಯುವ ಮುಂಚೆ ಎರಡು ಸಲ ಯೋಚಿಸುತ್ತಾರೆ.

ಬಾಯಿಪಾಠದ ದೂರಿಗೆ ಮಾತ್ರ ನನ್ನಲ್ಲಿ ಮರುಮಾತಿಲ್ಲ. ಉತ್ತರವನ್ನು ಲ್ಯಾಬ್ ರೆಕಾರ್ಡಿಗೆ ಇಳಿಸಿಕೊಂಡು ವೈವಾದಲ್ಲಿ ಒಪ್ಪಿಸಿದರೆ ಯಾರ ತಲೆಯೊಳಗೂ ಏನೂ ಇಳಿಯುವುದಿಲ್ಲ. ಅದಕ್ಕೆ ಮದ್ದು ಲೆಕ್ಕವನ್ನು ಬದಲಿಸುವುದು, ಕೈಬಿಡುವುದಲ್ಲ. ‘ಹನುಮಸಾಗರ’ ಎಂಬ ಊರ ಹೆಸರನ್ನೇ ಕೊಡಿ, ಸಾಲಿಗೊಂದು ಅಕ್ಷರ ಹೆಚ್ಚಿಸುತ್ತ ತ್ರಿಕೋನ ಮಾಡಿಸಿ. ಓದುವ ಕಣ್ಣಿಗೆ ಅದರಲ್ಲಿ ಆರೇ ಅಕ್ಷರ. ಪೈಥಾನ್ ಎಂಟು ಸಾಲು ಪ್ರಿಂಟ್ ಮಾಡುತ್ತದೆ. ಎರಡನೇ ಸಾಲಿನಲ್ಲಿ ‘ಹನ’, ಮೂರನೆಯದರಲ್ಲಿ ‘ಹನು’. ಯೂನಿಕೋಡ್‌ನಲ್ಲಿ ನು-ವಿನ ಕೊಂಬಿಗೂ ಸಾ-ದ ದೀರ್ಘಕ್ಕೂ ಬೇರೆ ಬೇರೆ ಸಂಕೇತಗಳಿವೆ, ಯಂತ್ರ ಎಣಿಸುವುದು ಅವನ್ನು. ಆರೇ ಸಾಲು ಬರುವಂತೆ ತಿದ್ದು ಎಂದರೆ ಯಾವ ಗೈಡ್ ಪುಸ್ತಕವೂ ನೆರವಿಗೆ ಬಾರದು. ಉಪನ್ಯಾಸಕರಲ್ಲಿ ಕೇಳಿಕೊಳ್ಳುವುದು ಇಷ್ಟೇ: ಮುಂದಿನ ಲ್ಯಾಬಿಗೆ ಒಂದು ಇಳಕಲ್ ಸೀರೆ ತನ್ನಿ, ಕೀಬೋರ್ಡ್ ಮುಟ್ಟುವ ಮೊದಲು ಸೆರಗಿನ ಒಂದು ಹಲ್ಲನ್ನು ಚೌಕುಳಿ ಹಾಳೆಯ ಮೇಲೆ ಎಣಿಸಿ ಬರೆಸಿ, ಸೂತ್ರವನ್ನು ಮಾತ್ರ ನೀವು ಹೇಳಬೇಡಿ.