ಅರ್ಧ ಸ್ಕ್ರಿಪ್ಟ್ ಯಾರಿಗೆ ತೋರಿಸೋದು?

ಮುಗಿಯದ ಚಿತ್ರಕಥೆಯನ್ನ ಫ್ರೆಂಡ್ಸ್‌ಗೆ ಕೊಟ್ಟರೆ "ಸೂಪರ್ ಮಗಾ" ಅಂತಾರೆ. ಅದರಿಂದ ನಮಗೇನೂ ಗೊತ್ತಾಗಲ್ಲ. ಕಥೆ ನಡೆಯೋ ಊರಿನವರಿಗೂ ನಾವು ಓದಿ ಹೇಳಬೇಕು.

ನಾಯಕ ರಾತ್ರಿ 11ಕ್ಕೆ ಗುಂಡ್ಲುಪೇಟೆಯಿಂದ ಬೈಕಲ್ಲಿ ಊಟಿಗೆ ಹೊರಟ ಅನ್ನಿ. ಬೆಂಗಳೂರಿನವರು ತಲೆಯಾಡಿಸಬಹುದು, ಗುಂಡ್ಲುಪೇಟೆಯವರು ಅಲ್ಲೇ ತಡೀತಾರೆ. 2009ರಿಂದ ಬಂಡೀಪುರ ಕಾಡಿನ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧ. ಆಂಬುಲೆನ್ಸ್‌ನಂಥ ಕೆಲವನ್ನಷ್ಟೇ ಬಿಡ್ತಾರೆ. ಕಥೆಗೆ ಇದು ಲಾಭವೇ: ಈಗ ಅವನು 9ರೊಳಗೆ ಚೆಕ್‌ಪೋಸ್ಟ್ ದಾಟಲೇಬೇಕು! 20ನೇ ಪುಟದಲ್ಲೇ ಗೊತ್ತಾದರೆ ಒಂದು ಸೀನ್ ತಿದ್ದಿದರೆ ಸಾಕು. 90ನೇ ಪುಟದಲ್ಲಾದರೆ ಇಡೀ ಕಥೆ.

"ಹೇಗಿದೆ?" ಅಂತ ಕೇಳೋದು ಬೇಡ. "ಎಲ್ಲಿ ನಂಬಿಕೆ ಬರಲಿಲ್ಲ? ಎಲ್ಲಿ ಬೋರಾಯ್ತು? ಚಾಮರಾಜನಗರದ ಕಡೆ ಹೀಗೆ ಮಾತಾಡ್ತಾರಾ?" ಅಂತ ಕೇಳೋಣ. ವಾದ ಮಾಡದೆ ಬರ್ಕೊಳ್ಳೋಣ. ತಿದ್ದೋದು ಆಮೇಲೆ.