ಸೊಲ್ಲಾಪುರದ ಹಾದಿಯಲ್ಲಿ ಬಂದ ದಂಡು, ಬಂದ ನೀರು

1948ರ ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ. ಎನ್. ಚೌಧುರಿಯವರ ಅಧೀನದಲ್ಲಿ ಸೊಲ್ಲಾಪುರದಿಂದ ಹೊರಟ ಭಾರತೀಯ ಸೇನೆಯು ನಳದುರ್ಗವನ್ನು ದಾಟಿ, ಕಲಬುರಗಿ ಜಿಲ್ಲೆಯ ಕಮಲಾಪುರದಿಂದ ಕೆಲವೇ ಹರದಾರಿ ದೂರದ ಹುಮನಾಬಾದಿನ ಮೇಲೆ ಹಾದು, ಹೈದರಾಬಾದಿನತ್ತ ನಡೆದು, ಐದನೆಯ ದಿನದ ಹೊತ್ತಿಗೆ ನಿಜಾಮನ ಆಳಿಕೆಯನ್ನು ಕೊನೆಗಾಣಿಸಿತು. ಕಲಬುರಗಿ ಸೀಮೆಯ ಹಿರಿಯ ತಲೆಮಾರಿನವರಿಗೆ ಸೈನ್ಯವೆಂದರೆ ಬಹುಕಾಲ ಅದೇ ಆಗಿದ್ದಿತು. ದೋಣಿಯನ್ನೂ ಹಗ್ಗವನ್ನೂ ಹೊತ್ತು ಬರುವ ಸಿಪಾಯಿಯ ಪರಿಚಯ ಈ ನಾಡಿಗೆ ಆದುದು ಈಚೆಗೆ.

2009ರ ಸೆಪ್ಟೆಂಬರ್ ಅಂತ್ಯದಲ್ಲಿ ಆರಂಭವಾದ ಮಳೆಯು ಉತ್ತರ ಕರ್ನಾಟಕದ ಮಣ್ಣಿನ ಮಾಳಿಗೆಗಳನ್ನು ಸಾಲುಸಾಲಾಗಿ ಕೆಡವಿ, ಮಂತ್ರಾಲಯವನ್ನು ಮುಳುಗಿಸಿ, ರಾಜ್ಯದಲ್ಲಿ 200ಕ್ಕೂ ಮಿಕ್ಕಿ ಜನರನ್ನು ಬಲಿ ತೆಗೆದುಕೊಂಡಾಗ ಭೂಸೇನೆಯೂ ವಾಯುಪಡೆಯ ಹೆಲಿಕಾಪ್ಟರುಗಳೂ ಬಂದವು. ಅಷ್ಟರೊಳಗೆ ದೇಶದ ವ್ಯವಸ್ಥೆಯೇ ಬದಲಾಗಿದ್ದಿತು. 1999ರ ಒರಿಸ್ಸಾ ಚಂಡಮಾರುತ, 2001ರ ಭುಜ್ ಭೂಕಂಪ, ಕಾರ್ ನಿಕೋಬಾರಿನ ವಾಯುನೆಲೆಯನ್ನೇ ತೊಳೆದುಹಾಕಿ ರಕ್ಷಕರನ್ನೇ ಸಂತ್ರಸ್ತರನ್ನಾಗಿ ಮಾಡಿದ 2004ರ ಸುನಾಮಿ, ಇವುಗಳ ಬೆನ್ನಿಗೆ 2005ರಲ್ಲಿ ವಿಪತ್ತು ನಿರ್ವಹಣಾ ಕಾಯಿದೆಯೂ, 2006ರಲ್ಲಿ ಕೇಂದ್ರದ ಅರೆಸೇನಾ ಪಡೆಗಳಿಂದ ಆಯ್ದ ಎನ್‌ಡಿಆರ್‌ಎಫ್ ದಳವೂ ಹುಟ್ಟಿದವು. ಸೇನೆಯನ್ನು ಕರೆಯುವುದು ಮಿಕ್ಕೆಲ್ಲ ಉಪಾಯಗಳು ಸಾಲದಾದಾಗ ಮಾತ್ರ ಎಂಬುದು ಕಾಗದದ ಮೇಲಿರುವ ಕ್ರಮ. ಆದರೆ ಆಪತ್ತಿನಲ್ಲಿರುವವನ ಬಾಯಲ್ಲಿ ಮೊದಲು ಬರುವ ಹೆಸರು ಮಿಲಿಟರಿಯದೇ.

2020ರ ಅಕ್ಟೋಬರಿನ ವೃತ್ತಾಂತವು ಇಲ್ಲಿ ವಿಶೇಷವಾಗಿ ವಿಚಾರಾರ್ಹವಾದುದು. ಆ ತಿಂಗಳ 13ರಂದು ಕಾಕಿನಾಡದ ಬಳಿ ಕರಾವಳಿಯನ್ನು ಹಾಯ್ದ ವಾಯುಭಾರ ಕುಸಿತವು, ಅಂದಿನ ರಾತ್ರಿ ಹೈದರಾಬಾದನ್ನು ಜಲಮಯಗೊಳಿಸಿ, ಪಶ್ಚಿಮಾಭಿಮುಖವಾಗಿ ಸಾಗುತ್ತ ಕಲಬುರಗಿ ಜಿಲ್ಲೆಯ ಮೇಲೆ ಮಳೆ ಸುರಿಸಿ, ಮಹಾರಾಷ್ಟ್ರದೊಳಕ್ಕೆ ನಡೆಯಿತು. ಅಲ್ಲಿ ಭೀಮೆಯ ಜಲಾನಯನ ಪ್ರದೇಶದಲ್ಲಿ ಸುರಿದುದು ಉಜನಿ ಜಲಾಶಯವನ್ನು ಹಾಯ್ದು, ಸೊಲ್ಲಾಪುರ ಜಿಲ್ಲೆಯನ್ನು ದಾಟಿ, ಕೆಲವು ದಿನಗಳ ತರುವಾಯ ಕಲಬುರಗಿ ಜಿಲ್ಲೆಯ ಸೊನ್ನ ಬ್ಯಾರೇಜಿಗೆ ಇಳಿಯಿತು. ಹೀಗೆ ಒಂದೇ ಮಳೆ ಈ ಜಿಲ್ಲೆಗೆ ಎರಡು ಬಾರಿ ಬಂದಿತು, ಮೊದಲು ಆಕಾಶದಿಂದ, ಆಮೇಲೆ ನದಿಯಿಂದ. ಕಲಬುರಗಿಗೆ ಸೇನೆಯನ್ನು ಕರೆಸಿಕೊಂಡುದು ಈ ಎರಡನೆಯ ಬರವಿಗಾಗಿ. ಅಕ್ಟೋಬರ್ 21ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು ವೈಮಾನಿಕ ಸಮೀಕ್ಷೆ ಮಾಡಿದುದೂ ಅದೇ ಭೀಮೆಯ ನೆರೆಯನ್ನೇ.

ಮೊದಲನೆಯ ನೀರಿಗೆ ಯಾವ ಸೇನೆಯೂ ಒದಗದು. ಕಮಲಾಪುರವು ಭೀಮಾತೀರದ ಊರಲ್ಲ. ಕೆಂಪು ಬಾಳೆಗೆ ಹೆಸರಾದ ಆ ಏರುತಗ್ಗಿನ ಸೀಮೆಯ ನೀರು ಗಂಡೋರಿ ನಾಲೆಗೂ ಬೆಣ್ಣೆತೊರೆಗೂ ಇಳಿದು, ಕಾಗಿಣಾವನ್ನು ಕೂಡಿ, ಅನಂತರ ಭೀಮೆಯನ್ನು ಸೇರುವಂಥದು. ಉಜನಿಯ ಬಾಗಿಲು ತೆರೆದ ಸುದ್ದಿ ಭೀಮಾತೀರಕ್ಕೆ ಮುಂದಾಗಿಯೇ ತಲುಪುವುದರಿಂದ, ಅಫಜಲಪುರದ ಹಳ್ಳಿಗನಿಗೆ ದನಕರುಗಳನ್ನು ಬಿಚ್ಚಿಕೊಂಡು, ಜೋಳದ ಚೀಲಗಳನ್ನು ಬಂಡಿಗೇರಿಸಿಕೊಂಡು ದಿಬ್ಬ ಹತ್ತಲು ಅಷ್ಟಿಷ್ಟು ಅವಕಾಶವುಂಟು. ಕಮಲಾಪುರದ ಹಳ್ಳವಾದರೋ ಸಂಜೆ ಮೊಣಕಾಲುದ್ದವಿದ್ದು, ನಡುರಾತ್ರಿಗೆ ಸೇತುವೆಯ ಮೇಲೆ ಹರಿದು, ಬೆಳಗಾಗುವಷ್ಟರಲ್ಲಿ ತೊಗರಿಯ ಹೊಲದಲ್ಲಿ ಕೆಸರನ್ನು ಬಿಟ್ಟು ಇಳಿದುಹೋಗಬಲ್ಲುದು. ಜಿಲ್ಲಾಧಿಕಾರಿಗಳ ಕೋರಿಕೆ ಸರ್ಕಾರವನ್ನು ಮುಟ್ಟಿ, ಸರ್ಕಾರದ ಕೋರಿಕೆ ಸೇನೆಯನ್ನು ಮುಟ್ಟಿ, ಸುಮಾರು ಇನ್ನೂರು ಕಿಲೋಮೀಟರ್ ಆಚೆಯ ಸಿಕಂದರಾಬಾದಿನಂಥ ದಂಡುಪ್ರದೇಶದಿಂದ ಲಾರಿಗಳು ಹೊರಡುವುದರೊಳಗೆ ಅಲ್ಲಿ ನೋಡಲು ಉಳಿಯುವುದು ಕೆಸರು ಮಾತ್ರ.

ನೀರಿಳಿದ ಮೇಲೂ ಸೈನಿಕನಿಂದಲೇ ಆಗತಕ್ಕ ಕೆಲಸವಿರುತ್ತದೆ. 2024ರ ಜುಲೈ 30ರಂದು ವಯನಾಡಿನ ಗುಡ್ಡ ಕುಸಿದು ಚೂರಲ್‌ಮಲದ ಸೇತುವೆ ಕೊಚ್ಚಿಹೋದಾಗ, ನಮ್ಮ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪಿನವರು ಮೇಜರ್ ಸೀತಾ ಶೆಲ್ಕೆಯವರ ಮುಂದಾಳುತನದಲ್ಲಿ 190 ಅಡಿಯ ಬೈಲಿ ಸೇತುವೆಯನ್ನು ಆಗಸ್ಟ್ 1ರ ಸಂಜೆಗೆ ನಿಲ್ಲಿಸಿದರು. ಎರಡನೆಯ ಮಹಾಯುದ್ಧಕ್ಕಾಗಿ ಡೊನಾಲ್ಡ್ ಬೈಲಿ ಎಂಬ ಆಂಗ್ಲ ಎಂಜಿನಿಯರನು ರೂಪಿಸಿದ ಈ ಸಾಧನದಲ್ಲಿ ಹತ್ತಡಿ ಉದ್ದದ ಉಕ್ಕಿನ ಚೌಕಟ್ಟುಗಳಿರುತ್ತವೆ. ಆರು ಜನ ಸೇರಿ ಒಂದೊಂದನ್ನು ಹೊತ್ತು ತಂದು, ಕೀಲನ್ನು ತೂರಿಸಿ ಒಂದಕ್ಕೊಂದನ್ನು ಬಿಗಿದು, ಇಡೀ ಸೇತುವೆಯನ್ನು ಉರುಳೆಗಳ ಮೇಲೆ ಈ ದಡದಿಂದ ಆ ದಡಕ್ಕೆ ತಳ್ಳುತ್ತಾರೆ. ಸಾಮಾನ್ಯವಾಗಿ ನದಿಯ ನಡುವೆ ಕಂಬ ನಿಲ್ಲಿಸುವ ಗೋಜಿಲ್ಲ. ಯುದ್ಧಕ್ಕೆಂದು ಕಲಿತ ವಿದ್ಯೆ ಇಷ್ಟು ನೇರವಾಗಿ ಜೀವರಕ್ಷಣೆಗೆ ಒದಗಿದುದಕ್ಕೆ ಇದಕ್ಕಿಂತ ಚೊಕ್ಕವಾದ ಉದಾಹರಣೆ ನನಗೆ ತೋರದು.

ಆಪತ್ತಿಗೆ ಸೇನೆಯನ್ನು ಬಳಸುವ ವಿಷಯದಲ್ಲಿ ಲೋಕದ ಇತರ ದೇಶಗಳು ಒಮ್ಮತಕ್ಕೆ ಬಂದಿಲ್ಲ. ಸ್ಪೇನ್ 2005ರ ಕಾಡ್ಗಿಚ್ಚಿನ ತರುವಾಯ ಆಪತ್ತಿಗೆಂದೇ ಪ್ರತ್ಯೇಕ ಸೇನಾಘಟಕವೊಂದನ್ನು ಕಟ್ಟಿ, 2024ರ ವಲೆನ್ಸಿಯಾ ಪ್ರವಾಹಕ್ಕೂ ಅದನ್ನೇ ಇಳಿಸಿತು. 2019-20ರ ಬೇಸಗೆಯ ಬೆಂಕಿಗೆ ಮೀಸಲು ಸೈನಿಕರನ್ನೂ ಕರೆದಿದ್ದ ಆಸ್ಟ್ರೇಲಿಯದಲ್ಲಾದರೋ, 2023ರ ರಕ್ಷಣಾ ಪರಿಶೀಲನೆಯು ಆಪತ್ತಿಗೆಲ್ಲ ಸೇನೆಯನ್ನು ಎಳೆದರೆ ಅದರ ಸ್ವಧರ್ಮ ಕೆಡುವುದೆಂದು ಎಚ್ಚರಿಸಿತು. ನಮ್ಮಲ್ಲಿ ತಕರಾರು ಎದ್ದುದು ಹಣದ ವಿಷಯದಲ್ಲಿ: 2006ರಿಂದ ವಯನಾಡಿನವರೆಗಿನ ವಿಮಾನ ನೆರವಿಗೆಂದು ಕೇಂದ್ರವು 2024ರಲ್ಲಿ ಕೇರಳದಿಂದ 132.62 ಕೋಟಿ ರೂಪಾಯಿ ಕೇಳಿತು. ಹಗ್ಗ ಹಿಡಿದು ಇಳಿದವನ ಹಿಂದೆಯೇ ಲೆಕ್ಕದ ಗುಮಾಸ್ತನೂ ಇಳಿಯುವನೆಂದು ಯಾರು ಬಲ್ಲರು!

ಕಲಬುರಗಿಯಲ್ಲಿ ಈಗ ರಾಜ್ಯದ ಎಸ್‌ಡಿಆರ್‌ಎಫ್ ಪಡೆಯುಂಟು. ಅಲ್ಲಿಂದ ಕಮಲಾಪುರಕ್ಕೆ ಒಂದು ಗಂಟೆಯ ಪ್ರಯಾಣ, ನಡುವಣ ಹಳ್ಳಗಳು ರಸ್ತೆಯನ್ನು ಬಿಟ್ಟುಕೊಟ್ಟರೆ. ಇಲ್ಲಿನವರು ‘ಹೊಳಿ ಬಂದದ’ ಎಂದಾಗ ಮೊದಲು ನೀರಿಗಿಳಿಯುವವರು ಊರಿನ ಈಜುಗಾರರೂ ತಲಾಟಿಯೂ ಪೊಲೀಸರೂ. ಶಾಲೆಯ ಕೋಣೆಗಳನ್ನು ತೆರೆದು ಕಾಳಜಿ ಕೇಂದ್ರವನ್ನು ನಡೆಸುವವರೂ ಅವರೇ. 2025ರ ಸೆಪ್ಟೆಂಬರಿನ ಕೊನೆಯಲ್ಲಿ ಭೀಮೆ ಮತ್ತೆ ಉಕ್ಕಿ, ಕಟ್ಟಿಸಂಗಾವಿಯ ಸೇತುವೆಯ ಮೇಲೆ ಜೇವರ್ಗಿಯ ಹೆದ್ದಾರಿ ಸಂಚಾರ ನಿಂತುಹೋದಾಗಲೂ ಜನರನ್ನು ದಿಬ್ಬಕ್ಕೆ ಹತ್ತಿಸುವ ಭಾರ ಮೊದಲು ಬಿದ್ದುದು ಇವರ ಹೆಗಲಿಗೆ.